ಈ ಕಥೆ ಲೆಕ್ಕಕ್ಕೆ ಬರುತ್ತದೆಯೇ? ಅಭಿಮಾನಿ ವಿಶ್ವಕೋಶ ಬರೆಯುವವರಿಗೊಂದು ಕೈಪಿಡಿ

‘ಸ್ಟಾರ್ ಟ್ರೆಕ್’ ಧಾರಾವಾಹಿ 1966ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಶುರುವಾದಾಗ ಎಂಟರ್‌ಪ್ರೈಸ್ ನೌಕೆಯ ಚುಕ್ಕಾಣಿ ಹಿಡಿದವನ ಹೆಸರು ಬರೀ ಸುಲು. ಜಾರ್ಜ್ ಟಕೇಯ್ ನಟಿಸಿದ ಆ ಪಾತ್ರದ ಪೂರ್ತಿ ಹೆಸರೇನೆಂದು ತೆರೆಯ ಮೇಲೆ ಯಾರೂ ಹೇಳಲಿಲ್ಲ. 1981ರಲ್ಲಿ ವೊಂಡಾ ಮ್ಯಾಕಿಂಟೈರ್ ಬರೆದ ‘ದಿ ಎಂಟ್ರೊಪಿ ಇಫೆಕ್ಟ್’ ಕಾದಂಬರಿ ಅವನನ್ನು ಹಿಕಾರು ಸುಲು ಎಂದು ಕರೆಯಿತು. ಹತ್ತು ವರ್ಷ ಕಳೆದು 1991ರಲ್ಲಿ ಬಂದ ಆರನೇ ಸಿನಿಮಾದಲ್ಲಿ ಸುಲು ತಾನೇ ಆ ಹೆಸರು ಹೇಳಿಕೊಂಡ. ಹಾಗಾದರೆ 1985ರಲ್ಲಿ ಒಬ್ಬ ಅಭಿಮಾನಿ ‘ಸ್ಟಾರ್ ಟ್ರೆಕ್’ ಕೋಶ ಬರೆಯಲು ಕೂತಿದ್ದರೆ, ಸುಲುವಿನ ಪುಟಕ್ಕೆ ಏನೆಂದು ತಲೆಬರಹ ಕೊಡಬೇಕಿತ್ತು?

ಹಿಕಾರು ಎಂದು ಬರೆದರೆ ‘ಅದು ಯಾವುದೋ ಕಾದಂಬರಿಯ ಮಾತು, ತೆರೆಯ ಮೇಲೆ ಎಲ್ಲಿದೆ?’ ಎಂದು ಒಬ್ಬರು ತಕರಾರು ತೆಗೆಯುತ್ತಾರೆ. ಬರೆಯದೆ ಬಿಟ್ಟರೆ ‘ಪರವಾನಗಿ ಪಡೆದು ಅಚ್ಚಾದ ಪುಸ್ತಕದಲ್ಲೇ ಇದೆಯಲ್ಲ’ ಎಂದು ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ಸಿನಿಮಾ, ಧಾರಾವಾಹಿ ಅಥವಾ ಕಾದಂಬರಿ ಸರಣಿಯೊಂದರ ಬಗ್ಗೆ ಅಭಿಮಾನಿಗಳು ಸೇರಿ ಕಟ್ಟುವ ಪ್ರತಿಯೊಂದು ವಿಕಿಯೂ ಒಂದಲ್ಲ ಒಂದು ದಿನ ಈ ಜಗಳಕ್ಕೆ ಬರಲೇಬೇಕು. ಮೂಲ ಸರಣಿಯ ಸುತ್ತ ಹುಟ್ಟುವ ಕಾದಂಬರಿ, ಕಾಮಿಕ್ಸ್, ಶ್ರಾವ್ಯ ನಾಟಕ, ವಿಡಿಯೊ ಗೇಮ್, ಮಕ್ಕಳ ಪುಸ್ತಕ ಇವನ್ನೆಲ್ಲ ಇಲ್ಲಿ ಪೂರಕ ಕಥೆಗಳು ಎಂದು ಕರೆಯುತ್ತೇನೆ. ಇವುಗಳಲ್ಲಿ ಯಾವುದನ್ನು ಅಧಿಕೃತವೆಂದು ಒಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಹೊರಗಿಡಬೇಕು, ಒಳಗೆ ಬಿಟ್ಟ ಮೇಲೆ ಹೇಗೆ ಬರೆಯಬೇಕು ಎಂಬುದೇ ಈ ಲೇಖನದ ವಿಷಯ. ಕನ್ನಡದ ಎಷ್ಟೋ ಹುಡುಗ ಹುಡುಗಿಯರು ಇಂಥ ಇಂಗ್ಲಿಷ್ ವಿಕಿಗಳಿಗೆ ರಾತ್ರಿ ನಿದ್ದೆಗೆಟ್ಟು ಬರೆಯುತ್ತಾರೆ. ಅವರ ಶ್ರಮ ಅಳಿಸುವ ಗುಂಡಿಯ ಪಾಲಾಗಬಾರದು.

ಮೂರು ಪ್ರಶ್ನೆ ಬೇರೆ ಬೇರೆ

ಜಗಳ ಬೆಳೆಯುವುದಕ್ಕೆ ಮುಖ್ಯ ಕಾರಣ, ಮೂರು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುವುದು. ಈ ಕಥೆಯನ್ನು ಹಕ್ಕುದಾರರ ಅನುಮತಿ ಪಡೆದು ಪ್ರಕಟಿಸಿದ್ದಾರೆಯೇ ಎಂಬುದು ಮೊದಲನೆಯದು. ಇದಕ್ಕೆ ಪುಸ್ತಕದ ಹಕ್ಕುಸ್ವಾಮ್ಯದ ಪುಟ ನೋಡಿದರೆ ಸಾಕು. ಮೂಲ ಸರಣಿಯನ್ನು ನಡೆಸುತ್ತಿರುವವರು ಈ ಕಥೆಯಲ್ಲಿ ನಡೆದದ್ದನ್ನು ತಮ್ಮ ಮುಂದಿನ ಕಥೆಗೆ ಕಟ್ಟುಪಾಡು ಎಂದು ಒಪ್ಪುತ್ತಾರೆಯೇ ಎಂಬುದು ಎರಡನೆಯದು. ಅಭಿಮಾನಿಗಳು ‘ಕ್ಯಾನನ್’ ಎನ್ನುವುದು ಇದನ್ನೇ. ನಮ್ಮ ವಿಶ್ವಕೋಶದಲ್ಲಿ ಇದಕ್ಕೆ ಜಾಗ ಉಂಟೆ ಎಂಬುದು ಮೂರನೆಯದು. ಸಂಪಾದಕರಾಗಿ ನಮ್ಮ ಕೈಯಲ್ಲಿರುವುದು ಈ ಮೂರನೆಯದು ಮಾತ್ರ. ಮೊದಲೆರಡರ ಉತ್ತರ ಹೊರಗಿನಿಂದ ಬರುತ್ತದೆ, ನಾವು ದಾಖಲಿಸುತ್ತೇವೆ.

ನನ್ನ ನಿಲುವು ಇಷ್ಟು. ಕಥೆಯನ್ನು ಒಳಗೆ ಬಿಡುವಾಗ ಹಕ್ಕು, ಪ್ರಕಟಣೆ, ಉದ್ದೇಶ ಈ ಮೂರನ್ನು ನೋಡಬೇಕು. ಕಥೆ ಚೆನ್ನಾಗಿದೆಯೇ, ಬೇರೆ ಕಥೆಗಳೊಂದಿಗೆ ಹೊಂದುತ್ತದೆಯೇ ಎಂದು ನೋಡಬಾರದು. ಒಳಗೆ ಬಿಟ್ಟ ಮೇಲೆ ಪ್ರತಿಯೊಂದು ವಾಕ್ಯಕ್ಕೂ ‘ಇದು ಎಲ್ಲಿಂದ ಬಂತು’ ಎಂಬ ಗುರುತು ಹಾಕಬೇಕು. ಇದು ಕನ್ನಡ ಓದುಗರಿಗೆ ಹೊಸದಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ವ್ಯಾಸಭಾರತದಲ್ಲಿ ಐವರ ಹೆಂಡತಿ. ಪಂಪ, ವ್ಯಾಸ ಇವರಿಬ್ಬರಲ್ಲಿ ಯಾರನ್ನೂ ನಾವು ಸುಳ್ಳುಗಾರ ಎನ್ನುವುದಿಲ್ಲ. ‘ಪಂಪನ ಪ್ರಕಾರ’ ಎಂಬ ಎರಡು ಮಾತು ಸೇರಿಸಿ ಮುಂದೆ ಹೋಗುತ್ತೇವೆ. ಅಭಿಮಾನಿ ವಿಶ್ವಕೋಶಕ್ಕೂ ಬೇಕಾದದ್ದು ಇದೇ ಶಿಸ್ತು.

ಹೊಂದಾಣಿಕೆಯನ್ನು ಏಕೆ ಅಳತೆಗೋಲು ಮಾಡಬಾರದು ಎಂಬುದಕ್ಕೆ ಷರ್ಲಾಕ್ ಹೋಮ್ಸ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. ಆರ್ಥರ್ ಕಾನನ್ ಡಾಯ್ಲ್ ಬರೆದ 4 ಕಾದಂಬರಿ, 56 ಸಣ್ಣಕಥೆ, ಒಟ್ಟು 60 ಕೃತಿಗಳೇ ಹೋಮ್ಸ್ ಭಕ್ತರ ಕ್ಯಾನನ್. ಆ 60ರ ಒಳಗೇ ಡಾಕ್ಟರ್ ವಾಟ್ಸನ್‌ಗೆ ಅಫ್ಘಾನಿಸ್ತಾನದ ಯುದ್ಧದಲ್ಲಿ ತಗಲಿದ ಗುಂಡು ಒಂದು ಕಾದಂಬರಿಯಲ್ಲಿ ಭುಜದಲ್ಲಿದೆ, ಮುಂದಿನ ಕಾದಂಬರಿಯಲ್ಲಿ ಕಾಲಿನಲ್ಲಿದೆ. ಜಾನ್ ಎಂಬ ಹೆಸರಿನ ಅವನನ್ನು ಒಂದು ಕಥೆಯಲ್ಲಿ ಅವನ ಹೆಂಡತಿಯೇ ಜೇಮ್ಸ್ ಎಂದು ಕರೆಯುತ್ತಾಳೆ. ವಿರೋಧ ಬಂದದ್ದನ್ನೆಲ್ಲ ಹೊರಗೆ ಹಾಕುತ್ತಾ ಹೋದರೆ ಡಾಯ್ಲ್ ಕೂಡ ಹೊರಗೆ ಹೋಗುತ್ತಾನೆ. ಇನ್ನೊಂದು ವಿಶೇಷ ಗಮನಿಸಿ. ಡಾಯ್ಲ್ ತಾನೇ ಬರೆದ ‘ದಿ ಫೀಲ್ಡ್ ಬಜಾರ್’ (1896), ‘ಹೌ ವಾಟ್ಸನ್ ಲರ್ನ್ಡ್ ದಿ ಟ್ರಿಕ್’ (1924) ಎಂಬ ಎರಡು ಪುಟ್ಟ ವಿನೋದ ಬರಹಗಳು ಆ 60ರಲ್ಲಿ ಸೇರಿಲ್ಲ. ಲೇಖಕನ ಮಗ ಏಡ್ರಿಯನ್ ಕಾನನ್ ಡಾಯ್ಲ್ 1954ರಲ್ಲಿ ಜಾನ್ ಡಿಕ್ಸನ್ ಕಾರ್ ಜೊತೆ ಪ್ರಕಟಿಸಿದ ಹೋಮ್ಸ್ ಕಥೆಗಳೂ ಸೇರಿಲ್ಲ. ಮೂಲ ಲೇಖಕ ಬರೆದದ್ದೆಲ್ಲ ತಾನಾಗಿಯೇ ಕ್ಯಾನನ್ ಆಗುವುದಿಲ್ಲ, ಮನೆಯವರ ಒಪ್ಪಿಗೆ ಇದ್ದರೂ ಆಗುವುದಿಲ್ಲ. ಎಲ್ಲಿ ಗೆರೆ ಎಳೆಯಬೇಕೆಂದು ಓದುಗರ ಸಮುದಾಯ ತೀರ್ಮಾನಿಸಿತು, ಆ ಗೆರೆಯನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂತು.

ಹಕ್ಕುದಾರರು ಏನು ಹೇಳಿದ್ದಾರೆ?

ನಿಯಮ ಬರೆಯುವ ಮುಂಚೆ ನಿಮ್ಮ ಸರಣಿಯ ಯಜಮಾನರು ಈ ವಿಷಯದಲ್ಲಿ ಬಾಯಿ ಬಿಟ್ಟಿದ್ದಾರೆಯೇ ಎಂದು ಹುಡುಕಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಪರಿಸ್ಥಿತಿ ಇರುತ್ತದೆ.

ಕೆಲವರು ಸ್ಪಷ್ಟವಾಗಿ ಘೋಷಿಸುತ್ತಾರೆ. ‘ಸ್ಟಾರ್ ವಾರ್ಸ್’ ಇದಕ್ಕೆ ದೊಡ್ಡ ಉದಾಹರಣೆ, ಅದರ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಮೊದಲ ಸಿನಿಮಾ ಬಂದದ್ದು 1977ರಲ್ಲಿ. ಮರುವರ್ಷವೇ ಆಲನ್ ಡೀನ್ ಫಾಸ್ಟರ್ ‘ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ’ ಕಾದಂಬರಿ ಬರೆದರು. ಅದರಲ್ಲಿ ಸಿನಿಮಾದ ನಾಯಕ ಲ್ಯೂಕ್ ಮತ್ತು ನಾಯಕಿ ಲೇಯಾ ನಡುವೆ ಪ್ರೇಮದ ಎಳೆ ಕಾಣುತ್ತದೆ. 1983ರ ‘ರಿಟರ್ನ್ ಆಫ್ ದಿ ಜೆಡೈ’ ಸಿನಿಮಾ ಅವರಿಬ್ಬರು ಅವಳಿ ಒಡಹುಟ್ಟಿದವರೆಂದು ಹೇಳಿದ ಮೇಲೆ ಆ ಪುಸ್ತಕ ಓದುವವರು ಮುಖ ಕಿವುಚುವಂತಾಯಿತು. ಆದರೂ ಕಾದಂಬರಿಗಳು ನಿಲ್ಲಲಿಲ್ಲ. 1991ರಲ್ಲಿ ಟಿಮೊಥಿ ಜಾನ್ ಬರೆದ ‘ಏರ್ ಟು ದಿ ಎಂಪೈರ್’ ಬಂತು, ಥ್ರಾನ್ ಎಂಬ ಸೇನಾಧಿಪತಿ ಹುಟ್ಟಿದ, ಸಾಮ್ರಾಜ್ಯದ ರಾಜಧಾನಿ ಗ್ರಹಕ್ಕೆ ಕೊರಸಾಂಟ್ ಎಂಬ ಹೆಸರು ಬಂತು. 1999ರ ಸಿನಿಮಾ ಅದೇ ಹೆಸರನ್ನು ಎತ್ತಿಕೊಂಡಿತು. ಕಾಮಿಕ್ಸ್‌ನಲ್ಲಿ ಹುಟ್ಟಿದ ನೀಲಿ ಬಣ್ಣದ ಜೆಡೈ ಯೋಧೆ ಆಯ್ಲಾ ಸೆಕ್ಯೂರಾ 2002ರ ಸಿನಿಮಾದಲ್ಲಿ ಕಾಣಿಸಿಕೊಂಡಳು.

ಇಷ್ಟೆಲ್ಲ ಹೆಣಿಗೆಯನ್ನು ನೆಟ್ಟಗಿಡಲು ಲೂಕಸ್‌ಫಿಲ್ಮ್ ಸಂಸ್ಥೆ 2000ದಿಂದ ‘ಹೋಲೊಕ್ರಾನ್’ ಎಂಬ ಮಾಹಿತಿಕೋಶ ಇಟ್ಟುಕೊಂಡಿತು. ಲೀಲಂಡ್ ಚೀ ಅದರ ಪಾಲಕರು. ಅದರಲ್ಲಿ ಕಥೆಗಳಿಗೆ ದರ್ಜೆಗಳಿದ್ದವು. ಜಾರ್ಜ್ ಲೂಕಸ್ ಅವರ ಸಿನಿಮಾಗಳು ಎಲ್ಲಕ್ಕಿಂತ ಮೇಲೆ, ಆಮೇಲೆ ಟಿ.ವಿ., ಅದರ ಕೆಳಗೆ ಕಾದಂಬರಿ ಮತ್ತು ಕಾಮಿಕ್ಸ್, ಇನ್ನೂ ಕೆಳಗೆ ಸಂದೇಹದ ಹಳೆಯ ಕಥೆಗಳು, ಕೊನೆಗೆ ಲೆಕ್ಕಕ್ಕೆ ಬಾರದವು. ಮೇಲಿನದು ಕೆಳಗಿನದನ್ನು ಅಳಿಸಬಹುದು. 2012ರಲ್ಲಿ ಡಿಸ್ನಿ ಸಂಸ್ಥೆ ಲೂಕಸ್‌ಫಿಲ್ಮ್ ಕೊಂಡುಕೊಂಡಿತು. 2014ರ ಏಪ್ರಿಲ್ 25ರಂದು ಹೊಸ ತೀರ್ಪು ಬಂತು. ಆರು ಸಿನಿಮಾ ಮತ್ತು ‘ದಿ ಕ್ಲೋನ್ ವಾರ್ಸ್’ ಮಾತ್ರ ಕ್ಯಾನನ್, ಅದುವರೆಗಿನ ಕಾದಂಬರಿ, ಕಾಮಿಕ್ಸ್, ಗೇಮ್‌ಗಳ ಲೋಕ ಇನ್ನು ಮುಂದೆ ‘ಲೆಜೆಂಡ್ಸ್’, ಮುಂದೆ ಬರುವ ಕಾದಂಬರಿಗಳೆಲ್ಲ ಸಿನಿಮಾಗಳ ಸಮಾನ ದರ್ಜೆಯವು ಎಂದು. 1999ರ ‘ವೆಕ್ಟರ್ ಪ್ರೈಮ್’ ಕಾದಂಬರಿಯಲ್ಲಿ ಸತ್ತಿದ್ದ ನೌಕೆಯ ಸಹಚಾಲಕ ಚೂಬಾಕಾ 2015ರ ಸಿನಿಮಾದಲ್ಲಿ ಆರಾಮವಾಗಿ ನೌಕೆ ನಡೆಸುತ್ತಿದ್ದ.

ಅಭಿಮಾನಿಗಳ ವಿಕಿಯಾದ ‘ವೂಕಿಪೀಡಿಯಾ’ ಆಗ ಮಾಡಿದ ಕೆಲಸ ಎಲ್ಲರೂ ಕಲಿಯಬೇಕಾದದ್ದು. ಹಳೆಯ ಪುಟಗಳನ್ನು ಅದು ಅಳಿಸಲಿಲ್ಲ. ಒಂದೇ ಪಾತ್ರಕ್ಕೆ ಕ್ಯಾನನ್ ಪುಟ ಒಂದು, ಲೆಜೆಂಡ್ಸ್ ಪುಟ ಒಂದು ಇಟ್ಟು, ಎರಡರ ನಡುವೆ ಓಡಾಡಲು ಮೇಲ್ಗಡೆ ಕೊಂಡಿ ಕೊಟ್ಟಿತು. ಚೂಬಾಕಾ ಒಂದು ಪುಟದಲ್ಲಿ ಬದುಕಿದ್ದಾನೆ, ಇನ್ನೊಂದರಲ್ಲಿ ಸತ್ತಿದ್ದಾನೆ, ಓದುಗನಿಗೆ ಯಾವ ಗೊಂದಲವೂ ಇಲ್ಲ.

ಎರಡನೆಯ ಬಗೆಯವರು ತೆರೆಯ ಮೇಲೆ ಬಂದದ್ದು ಮಾತ್ರ ಲೆಕ್ಕ ಎನ್ನುತ್ತಾರೆ. ‘ಸ್ಟಾರ್ ಟ್ರೆಕ್’ ಸಾಮಾನ್ಯವಾಗಿ ಹೀಗೆ. ಅಲ್ಲಿ ಅಭಿಮಾನಿಗಳು ಎರಡು ಕೋಶಗಳನ್ನೇ ಕಟ್ಟಿಕೊಂಡರು. 2003ರಲ್ಲಿ ಶುರುವಾದ ‘ಮೆಮೊರಿ ಆಲ್ಫಾ’ದ ಲೇಖನಗಳು ನಿಲ್ಲುವುದು ಧಾರಾವಾಹಿ, ಸಿನಿಮಾಗಳ ಮೇಲೆ. ಪರವಾನಗಿ ಪಡೆದ ಕಾದಂಬರಿ, ಕಾಮಿಕ್ಸ್, ಗೇಮ್‌ಗಳನ್ನು ‘ಮೆಮೊರಿ ಬೀಟಾ’ ನೋಡಿಕೊಳ್ಳುತ್ತದೆ. ತೆರೆ ಎಂಬ ಗೆರೆ ಕೂಡ ಅಂದುಕೊಂಡಷ್ಟು ನೇರವಲ್ಲ. 1973–74ರ ‘ಸ್ಟಾರ್ ಟ್ರೆಕ್’ ಅನಿಮೇಷನ್ ಸರಣಿಯನ್ನು ಒಂದು ಕಾಲಕ್ಕೆ ಹೊರಗಿಟ್ಟಿದ್ದರು. ಈಗ ಅದು ಒಳಗಿದೆ. ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್ ಕರ್ಕ್‌ನ ನಡುವಿನ ಹೆಸರು ಟೈಬೀರಿಯಸ್ ಎಂದು ಮೊದಲು ತೆರೆಯ ಮೇಲೆ ಕೇಳಿಬಂದದ್ದು ಆ ಅನಿಮೇಷನ್‌ನಲ್ಲೇ. ಮೂಲ ಧಾರಾವಾಹಿಯ ಒಂದು ಆರಂಭದ ಕಂತಿನಲ್ಲಿ ಅವನ ಹೆಸರಿನ ಸಮಾಧಿ ಕಲ್ಲಿನ ಮೇಲೆ ನಡುವಿನ ಅಕ್ಷರ ಬೇರೆಯೇ ಇದೆ.

ಮೂರನೆಯವರು ಮೌನಿಗಳು. 1963ರ ನವೆಂಬರ್ 23ರಂದು ಶುರುವಾದ, ಸಾಯುವಾಗಲೆಲ್ಲ ಹೊಸ ರೂಪ ತಾಳುವ ‘ಡಾಕ್ಟರ್’ ಎಂಬ ಕಾಲಯಾತ್ರಿಯ ‘ಡಾಕ್ಟರ್ ಹೂ’ ಧಾರಾವಾಹಿಯ ವಿಷಯದಲ್ಲಿ ಬಿಬಿಸಿ ಯಾವುದು ಕ್ಯಾನನ್, ಯಾವುದಲ್ಲ ಎಂದು ತೀರ್ಪು ಕೊಟ್ಟೇ ಇಲ್ಲ. ಹೊಸಬರಿಗೆ ಇದು ತಲೆನೋವು ಅನ್ನಿಸಬಹುದು. ನನಗೆ ಮಾತ್ರ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಈ ಮೌನವೇ. ಯಜಮಾನರ ಮಾತಿನ ಹಿಂದೆ ಅಡಗಿಕೊಳ್ಳಲು ಆಗದೆ ಅಭಿಮಾನಿಗಳು ಸ್ವಂತ ಬುದ್ಧಿಯಿಂದ ನಿಯಮ ಕಟ್ಟಬೇಕಾಯಿತು.

ನಾಲ್ಕು ಪರೀಕ್ಷೆ

‘ಡಾಕ್ಟರ್ ಹೂ’ ಅಭಿಮಾನಿಗಳ ಟಾರ್ಡಿಸ್ ವಿಕಿ ಕ್ಯಾನನ್ ಎಂಬ ಮಾತನ್ನೇ ಬದಿಗಿಟ್ಟಿತು. ಅಲ್ಲಿ ಒಂದು ಕಥೆ ಆಧಾರವಾಗಿ ಸಲ್ಲುತ್ತದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ನಾಲ್ಕು ಸರಳ ಪರೀಕ್ಷೆಗಳು. ಅದು ಕಥೆಯೇ ಆಗಿರಬೇಕು. ಸಂಬಂಧಪಟ್ಟ ಎಲ್ಲ ಹಕ್ಕುದಾರರ ಪರವಾನಗಿ ಇರಬೇಕು. ಅಧಿಕೃತವಾಗಿ ಬಿಡುಗಡೆಯಾಗಿರಬೇಕು. ಆ ಕಥಾಲೋಕದ ಒಳಗೆ ನಡೆಯುವುದೆಂಬ ಉದ್ದೇಶದಿಂದ ಬರೆದದ್ದಾಗಿರಬೇಕು. ಯಾವ ಸರಣಿಗೆ ಬೇಕಾದರೂ ಇವನ್ನು ಹೊಂದಿಸಿಕೊಳ್ಳಬಹುದು, ಆದರೆ ಒಂದೊಂದರ ಹಿಂದೆಯೂ ಒಂದು ಕಾರಣವಿದೆ.

ಕಥೆಯೇ ಆಗಿರಬೇಕು ಎಂದರೆ ಸಂದರ್ಶನ, ಟ್ವೀಟ್, ಆಟಿಕೆಯ ಪೆಟ್ಟಿಗೆಯ ಮೇಲಿನ ವಿವರಣೆ, ನಿರ್ದೇಶಕ ಎಲ್ಲೋ ವೇದಿಕೆಯಲ್ಲಿ ಹೇಳಿದ ಮಾತು ಇವು ಕಥಾಲೋಕದ ಸಂಗತಿಗಳಿಗೆ ಆಧಾರವಲ್ಲ. ಅವನ್ನು ಪುಟದ ಕೊನೆಯಲ್ಲಿ ‘ತೆರೆಮರೆಯ ಸಂಗತಿ’ ಎಂಬ ಭಾಗದಲ್ಲಿ ಬರೆಯಿರಿ. ಲೇಖಕರು ಇಂದು ಒಂದು ಹೇಳಿ ನಾಳೆ ಇನ್ನೊಂದು ಹೇಳಬಹುದು. ಅಚ್ಚಾದ ಕಥೆ ಹಾಗೆ ಬದಲಾಗುವುದಿಲ್ಲ.

ಪರವಾನಗಿಯ ಪರೀಕ್ಷೆ ಕೇಳಲು ಸುಲಭ, ಬಿಡಿಸಲು ಕಷ್ಟ. ‘ಡಾಕ್ಟರ್ ಹೂ’ ಲೋಕದಲ್ಲಿ ಎಷ್ಟೋ ಪಾತ್ರಗಳ, ರಾಕ್ಷಸರ ಹಕ್ಕು ಅವನ್ನು ಸೃಷ್ಟಿಸಿದ ಲೇಖಕರ ಹತ್ತಿರವೇ ಇದೆ. ಅಂಥ ರಾಕ್ಷಸರಾದ ಡಾಲೆಕ್‌ಗಳ ಹಕ್ಕು ಟೆರ‍್ರಿ ನೇಷನ್ ವಾರಸುದಾರರದು. ಹೀಗಾಗಿ 1995ರಲ್ಲಿ ಒಂದು ಚಿಕ್ಕ ಸಂಸ್ಥೆ ‘ಡೌನ್‌ಟೈಮ್’ ಎಂಬ ವಿಡಿಯೊ ಚಿತ್ರ ಮಾಡಿತು. ಅದರಲ್ಲಿ ಧಾರಾವಾಹಿಯ ಸೇನಾಧಿಕಾರಿ ಬ್ರಿಗೇಡಿಯರ್ ಲೆಥ್‌ಬ್ರಿಜ್ ಸ್ಟುವರ್ಟ್ ಇದ್ದಾನೆ, ಯೇತಿ ಎಂಬ ರಾಕ್ಷಸರಿದ್ದಾರೆ, ಡಾಕ್ಟರ್ ಮಾತ್ರ ಇಲ್ಲ, ಏಕೆಂದರೆ ಅವನು ಬಿಬಿಸಿಯ ಸ್ವತ್ತು. ಆ ಚಿತ್ರದಲ್ಲಿ ಬ್ರಿಗೇಡಿಯರ್‌ನ ಮಗಳು ಕೇಟ್ ಮೊದಲ ಸಲ ಕಾಣಿಸಿಕೊಂಡಳು. 2012ರಲ್ಲಿ ಬಿಬಿಸಿಯ ಧಾರಾವಾಹಿಯಲ್ಲೇ ಕೇಟ್ ಸ್ಟುವರ್ಟ್ ಬಂದಳು, ಇಂದಿಗೂ ಮುಖ್ಯ ಪಾತ್ರ. ಬಿಬಿಸಿಯ ಮುದ್ರೆ ಇಲ್ಲವೆಂದು ‘ಡೌನ್‌ಟೈಮ್’ ಅನ್ನು ಎಸೆದಿದ್ದ ಕೋಶ 2012ರಲ್ಲಿ ಅದನ್ನು ಮತ್ತೆ ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಆದ್ದರಿಂದ ಈ ಪರೀಕ್ಷೆ ಮಾಡುವಾಗ ಕಥೆಯಲ್ಲಿ ಬಂದಿರುವ ಪಾತ್ರಗಳನ್ನು ಪಟ್ಟಿ ಮಾಡಿ, ಒಂದೊಂದರ ಹಕ್ಕು ಯಾರದೆಂದು ಕೇಳಿ. ದೊಡ್ಡ ಸಂಸ್ಥೆಯ ಲಾಂಛನ ಇದೆಯೇ ಎಂದು ನೋಡಿ ಬಿಟ್ಟರೆ ಸಾಲದು.

ಬಿಡುಗಡೆಯ ಪರೀಕ್ಷೆ ಬೇಗ ಮುಗಿಯುತ್ತದೆ. ಸೋರಿಕೆಯಾದ ಚಿತ್ರಕಥೆ, ರದ್ದಾದ ಗೇಮ್‌ನ ತುಣುಕು, ಕತ್ತರಿಸಿ ತೆಗೆದ ದೃಶ್ಯ ಇವು ಬಿಡುಗಡೆಯಾದ ಕಥೆಗಳಲ್ಲ. ಅವಕ್ಕೂ ತೆರೆಮರೆಯ ಭಾಗವೇ ಜಾಗ.

ಉದ್ದೇಶದ ಪರೀಕ್ಷೆ ಅಣಕಗಳಿಗಾಗಿ ಇರುವುದು. 1999ರಲ್ಲಿ ಬಿಬಿಸಿಯೇ ಸಹಾಯಾರ್ಥ ಕಾರ್ಯಕ್ರಮಕ್ಕಾಗಿ ‘ದಿ ಕರ್ಸ್ ಆಫ್ ಫೇಟಲ್ ಡೆತ್’ ಎಂಬ ನಗೆ ಪ್ರಸಂಗ ಮಾಡಿತು. ಪರವಾನಗಿಯಲ್ಲಿ ಕೊರತೆಯಿಲ್ಲ, ಪ್ರಸಾರವೂ ಆಗಿದೆ. ಆದರೆ ಅದನ್ನು ಮಾಡಿದ್ದು ನಗಿಸುವುದಕ್ಕೆ. ಇಂಥದಕ್ಕೆ ಪುಟ ಇರಲಿ, ಅದರ ಸಂಗತಿಗಳನ್ನು ಡಾಕ್ಟರನ ಜೀವನ ಚರಿತ್ರೆಗೆ ಬೆರೆಸುವುದು ಬೇಡ. 1965 ಮತ್ತು 1966ರಲ್ಲಿ ಪೀಟರ್ ಕುಶಿಂಗ್ ನಟಿಸಿದ ಎರಡು ಸಿನಿಮಾಗಳಲ್ಲಿ ನಾಯಕ ಭೂಮಿಯ ಮನುಷ್ಯ, ಅವನ ಹೆಸರೇ ಡಾಕ್ಟರ್ ಹೂ. ಅದು ಬೇರೆಯದೇ ಕಥಾಲೋಕ. ಅದಕ್ಕೆ ಬೇರೆ ಪುಟವೇ ಸರಿ.

ಉದ್ದೇಶವನ್ನು ಅಳೆಯುವಾಗ ಒಂದು ಎಚ್ಚರಿಕೆ ಇರಲಿ. ‘ನನಗೆ ಇದು ಹಿಡಿಸಲಿಲ್ಲ, ಲೇಖಕ ಇದನ್ನು ಗಂಭೀರವಾಗಿ ಬರೆದಿರಲಾರ’ ಎಂಬುದು ಉದ್ದೇಶದ ಪರೀಕ್ಷೆಯಲ್ಲ. ಪ್ರಕಾಶಕರ ಹೇಳಿಕೆ, ಮುನ್ನುಡಿ, ಸರಣಿಯ ಹೆಸರು, ಕಥೆಯ ಒಳಗಿನ ಕೊಂಡಿಗಳು ಇವು ಸಾಕ್ಷಿ. ಇಷ್ಟವಾಗದ ಕಥೆಯನ್ನು ಹೊರಗೆ ತಳ್ಳಲು ಜನ ಮೊದಲು ಹಿಡಿಯುವ ಬಾಗಿಲು ಇದೇ, ಆದ್ದರಿಂದ ಇಲ್ಲಿ ಕಾವಲು ಬಿಗಿಯಾಗಿರಬೇಕು.

ಹೆಸರು ಬಂದರೆ ಪುಸ್ತಕ ಬಂದಂತಲ್ಲ

ಮೂಲ ಸರಣಿ ಪೂರಕ ಕಥೆಯಿಂದ ಏನನ್ನಾದರೂ ಎತ್ತಿಕೊಂಡಾಗ ಸಂಪಾದಕರಿಗೆ ಸಂಭ್ರಮವಾಗುತ್ತದೆ. ‘ಈಗ ಇಡೀ ಕಾದಂಬರಿ ಅಧಿಕೃತವಾಯಿತು’ ಎಂದು ಬರೆದುಬಿಡುತ್ತಾರೆ. ಹಾಗಲ್ಲ. ಥ್ರಾನ್ 2014ರಲ್ಲಿ ಲೆಜೆಂಡ್ಸ್ ಪಾಲಾದ, 2016ರಲ್ಲಿ ‘ರೆಬೆಲ್ಸ್’ ಅನಿಮೇಷನ್ ಮೂಲಕ ಹಿಂದಿರುಗಿದ, 2017ರಲ್ಲಿ ಅದೇ ಟಿಮೊಥಿ ಜಾನ್ ಅವನ ಬಗ್ಗೆ ಹೊಸ ಕಾದಂಬರಿ ಬರೆದರು, 2023ರ ‘ಅಸೋಕಾ’ ಧಾರಾವಾಹಿಯಲ್ಲಿ ನಟನೇ ಅವನ ವೇಷ ಹಾಕಿದ. ಆದರೂ 1991ರ ಕಾದಂಬರಿ ಇಂದಿಗೂ ಲೆಜೆಂಡ್ಸ್‌ನದೇ. ಪಾತ್ರ ಬಂತು, ಅವನ ಹಳೆಯ ಚರಿತ್ರೆ ಬರಲಿಲ್ಲ.

ಹೀಗೆಯೇ 2013ರ ‘ದಿ ನೈಟ್ ಆಫ್ ದಿ ಡಾಕ್ಟರ್’ ಎಂಬ ಕಿರುಚಿತ್ರದಲ್ಲಿ ಎಂಟನೆಯ ಡಾಕ್ಟರ್ ಸಾಯುವ ಮುಂಚೆ ತನ್ನ ಸಂಗಾತಿಗಳ ಹೆಸರು ಹೇಳುತ್ತಾನೆ: ಚಾರ್ಲಿ, ಸಿರಿಜ್, ಲೂಸಿ, ಟ್ಯಾಮ್ಸಿನ್, ಮಾಲಿ. ಇವರೆಲ್ಲ 1999ರಿಂದ ‘ಡಾಕ್ಟರ್ ಹೂ’ ಶ್ರಾವ್ಯ ನಾಟಕ ತರುತ್ತಿರುವ ಬಿಗ್ ಫಿನಿಶ್ ಸಂಸ್ಥೆಯ ಪಾತ್ರಗಳು. ಅಷ್ಟು ಹೆಸರು ಕೇಳಿಬಂದದ್ದಕ್ಕೆ ಅಭಿಮಾನಿಗಳು ಅತ್ತಿದ್ದೂ ಉಂಟು, ಅದು ಸಹಜ. ಆದರೆ ಕೋಶದಲ್ಲಿ ಬರೆಯಬಹುದಾದದ್ದು ‘ಟಿ.ವಿ. ಲೋಕದಲ್ಲೂ ಈ ಐವರು ಅವನ ಸಂಗಾತಿಗಳಾಗಿದ್ದರು’ ಎಂಬಷ್ಟೇ. ಪ್ರತಿ ನಾಟಕದ ಪ್ರತಿ ಘಟನೆಯೂ ತೆರೆಗೆ ಏರಿತೆಂದಲ್ಲ. ಸುಲುವಿಗೂ ಇದೇ ಮಾತು. 1991ರ ಸಿನಿಮಾ ಹೆಸರನ್ನು ಒಪ್ಪಿತು, ‘ದಿ ಎಂಟ್ರೊಪಿ ಇಫೆಕ್ಟ್’ನ ಕಥೆಯನ್ನಲ್ಲ.

ತಕರಾರು ಬರುವ ಜಾಗಗಳು

ಸಿನಿಮಾವನ್ನೇ ಕಾದಂಬರಿ ಮಾಡಿದಾಗ ಮೊದಲ ತಕರಾರು. ಇಂಥ ಪುಸ್ತಕಗಳನ್ನು ಎಷ್ಟೋ ಸಲ ಹಳೆಯ ಚಿತ್ರಕಥೆ ನೋಡಿ, ಸಿನಿಮಾ ಮುಗಿಯುವ ಮುಂಚೆಯೇ ಬರೆಯುತ್ತಾರೆ. ‘ಸ್ಟಾರ್ ವಾರ್ಸ್’ ಕಾದಂಬರಿ 1976ರಲ್ಲೇ ಅಂಗಡಿಗೆ ಬಂತು, ಸಿನಿಮಾ ಬಂದದ್ದು ಮರುವರ್ಷ. ಕೊನೆಯ ಯುದ್ಧದಲ್ಲಿ ಲ್ಯೂಕ್ ಪುಸ್ತಕದಲ್ಲಿ ನೀಲಿ ಪಡೆಯವನು, ತೆರೆಯಲ್ಲಿ ಕೆಂಪು ಪಡೆಯವನು. ನನ್ನ ಸಲಹೆ ಇಷ್ಟು: ತೆರೆ ಹೇಳಿದ್ದಕ್ಕೆ ವಿರೋಧ ಬಂದ ಕಡೆ ತೆರೆಯದನ್ನು ಮುಖ್ಯ ಪಠ್ಯದಲ್ಲಿಡಿ, ಪುಸ್ತಕದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ. ತೆರೆ ಸುಮ್ಮನಿದ್ದ ಕಡೆ ಪುಸ್ತಕ ಕೊಡುವ ಹೆಚ್ಚಿನ ವಿವರವನ್ನು ಪುಸ್ತಕದ ಹೆಸರು ಹೇಳಿ ತೆಗೆದುಕೊಳ್ಳಿ. ಆರ್ಥರ್ ಸಿ. ಕ್ಲಾರ್ಕ್ ಇದೇ ದಾರಿ ಹಿಡಿದರು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಅವರ ಕಾದಂಬರಿಯ ನೌಕೆ ಶನಿಗ್ರಹಕ್ಕೆ ಹೋಗುತ್ತದೆ, ಸ್ಟ್ಯಾನ್ಲಿ ಕುಬ್ರಿಕ್ ಸಿನಿಮಾದ ನೌಕೆ ಗುರುಗ್ರಹಕ್ಕೆ ಹೋಗುತ್ತದೆ. 1982ರಲ್ಲಿ ಮುಂದಿನ ಭಾಗ ಬರೆಯುವಾಗ ಕ್ಲಾರ್ಕ್ ತಮ್ಮದೇ ಕಾದಂಬರಿಯನ್ನು ಬಿಟ್ಟು ಸಿನಿಮಾದ ಗುರುಗ್ರಹವನ್ನು ಹಿಡಿದರು.

ಒಂದೇ ಕಥೆಯನ್ನು ಎರಡು ಸಲ ಹೇಳಿದಾಗ ಇನ್ನೊಂದು ಬಗೆಯ ತೊಡಕು. ಪಾಲ್ ಕಾರ್ನೆಲ್ 1995ರಲ್ಲಿ ‘ಹ್ಯೂಮನ್ ನೇಚರ್’ ಕಾದಂಬರಿ ಬರೆದರು. ಏಳನೆಯ ಡಾಕ್ಟರ್ ತನ್ನ ನೆನಪು ಕಳಚಿಟ್ಟು ಮೊದಲ ಮಹಾಯುದ್ಧದ ಹೊತ್ತಿಗಿಂತ ಸ್ವಲ್ಪ ಮುಂಚೆ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಜಾನ್ ಸ್ಮಿತ್ ಎಂಬ ಮೇಷ್ಟ್ರಾಗಿ ಬದುಕುವ ಕಥೆ ಅದು. 2007ರಲ್ಲಿ ಅದೇ ಕಾರ್ನೆಲ್ ಅದನ್ನು ಟಿ.ವಿ.ಗೆ ಬರೆದರು, ಈ ಸಲ ಮೇಷ್ಟ್ರಾದದ್ದು ಹತ್ತನೆಯ ಡಾಕ್ಟರ್. ಎರಡೂ ನಾಲ್ಕು ಪರೀಕ್ಷೆ ಪಾಸಾಗುತ್ತವೆ. ಹಾಗಾದರೆ ಡಾಕ್ಟರನ ಬದುಕಿನಲ್ಲಿ ಇದು ಎರಡು ಸಲ ನಡೆಯಿತೇ? ಕೋಶ ಇದಕ್ಕೆ ಉತ್ತರ ಹೇಳಬೇಕಾಗಿಲ್ಲ. ಏಳನೆಯವನ ಪುಟದಲ್ಲಿ ಒಂದನ್ನು, ಹತ್ತನೆಯವನ ಪುಟದಲ್ಲಿ ಇನ್ನೊಂದನ್ನು ಬರೆದು, ಎರಡಕ್ಕೂ ಮೂಲ ಒಂದೇ ಎಂದು ತೆರೆಮರೆಯ ಭಾಗದಲ್ಲಿ ತಿಳಿಸಿದರೆ ಮುಗಿಯಿತು. ಎರಡನ್ನೂ ಹೊಂದಿಸಲು ನೀವೇ ಒಂದು ವಿವರಣೆ ಕಟ್ಟಿದಿರೋ, ಆಗ ನೀವು ಕೋಶಕಾರರಾಗಿ ಉಳಿಯುವುದಿಲ್ಲ, ಹೊಸ ಕಥೆ ಬರೆಯುವವರಾಗುತ್ತೀರಿ.

ಗೇಮ್‌ಗಳಲ್ಲಿ ಆಡುವವನೇ ಕಥೆ ಆರಿಸಿಕೊಳ್ಳುತ್ತಾನೆ. 2003ರ ‘ಸ್ಟಾರ್ ವಾರ್ಸ್’ ಗೇಮ್ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ನಲ್ಲಿ ನಾಯಕ ಗಂಡೋ ಹೆಣ್ಣೋ, ಒಳ್ಳೆಯ ದಾರಿಯೋ ಕೆಟ್ಟ ದಾರಿಯೋ ಎಲ್ಲ ನಮ್ಮ ಆಯ್ಕೆ. ಆಮೇಲೆ ಬಂದ ಅಧಿಕೃತ ಪುಸ್ತಕಗಳು ಆ ನಾಯಕ ರೆವನ್ ಗಂಡಸು, ಒಳ್ಳೆಯ ದಾರಿ ಹಿಡಿದವನು ಎಂದು ಗೊತ್ತುಮಾಡಿದವು. ಅಂಥ ಮಾತು ಸಿಗುವವರೆಗೆ ಆಯ್ಕೆಗಳನ್ನು ಆಯ್ಕೆಗಳೆಂದೇ ಬರೆಯಬೇಕು.

ರೂಪಾಂತರವನ್ನು ಪೂರಕ ಕಥೆ ಎಂದು ತಿಳಿಯುವವರೂ ಇದ್ದಾರೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಆರ್.ಕೆ. ನಾರಾಯಣ್ ಕಥೆಗಳನ್ನು ಮತ್ತೆ ಹೇಳುತ್ತದೆ, ಅವುಗಳಿಗೆ ಮುಂದುವರಿಕೆ ಜೋಡಿಸುವುದಿಲ್ಲ. ಮಾಲ್ಗುಡಿ ಕೋಶ ಬರೆಯುವವರು ಪುಸ್ತಕದ ಮಾಲ್ಗುಡಿಗೆ ಒಂದು ಭಾಗ, ಧಾರಾವಾಹಿಯ ಮಾಲ್ಗುಡಿಗೆ ಒಂದು ಭಾಗ ಇಡಬೇಕು. ಸರಯೂ ನದಿಯ ದಡಕ್ಕೆ ಆಗುಂಬೆಯ ಬೀದಿಯನ್ನು ತಂದು ಅಂಟಿಸಬಾರದು.

ನಮ್ಮ ಪಕ್ಕದಲ್ಲೇ ಇರುವ ಒಂದು ಪ್ರಕರಣವನ್ನು ತೆಗೆದುಕೊಂಡು ನೋಡೋಣ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿ ಅವರ ‘ಬಾಹುಬಲಿ’ ಎರಡು ಸಿನಿಮಾಗಳಾಗಿ 2015 ಮತ್ತು 2017ರಲ್ಲಿ ಬಂತು. ಆನಂದ್ ನೀಲಕಂಠನ್ 2017ರಲ್ಲಿ ‘ದಿ ರೈಸ್ ಆಫ್ ಶಿವಗಾಮಿ’ ಬರೆದು, ಮುಂದೆ ಅದನ್ನು ಮೂರು ಕಾದಂಬರಿಗಳ ಸರಣಿ ಮಾಡಿದರು. 2017ರಲ್ಲೇ ‘ದಿ ಲಾಸ್ಟ್ ಲೆಜೆಂಡ್ಸ್’ ಎಂಬ ಅನಿಮೇಷನ್, 2024ರಲ್ಲಿ ‘ಕ್ರೌನ್ ಆಫ್ ಬ್ಲಡ್’ ಎಂಬ ಇನ್ನೊಂದು ಅನಿಮೇಷನ್ ಬಂದವು. ಎಲ್ಲವೂ ಪರವಾನಗಿ ಇರುವ, ಬಿಡುಗಡೆಯಾದ, ಸಿನಿಮಾದ ಮಾಹಿಷ್ಮತಿ ರಾಜ್ಯದೊಳಗೇ ನಡೆಯುವ ಕಥೆಗಳು. ನಾಲ್ಕು ಪರೀಕ್ಷೆಯೂ ಪಾಸು. ಆದ್ದರಿಂದ ಎಲ್ಲವೂ ಒಳಗೆ. ರಾಜಮಾತೆ ಶಿವಗಾಮಿಯ ಪುಟ ನಾನು ಬರೆಯುವುದಾದರೆ ಮುಖ್ಯ ಜೀವನ ಚರಿತ್ರೆಯನ್ನು ಎರಡು ಸಿನಿಮಾಗಳಿಂದಷ್ಟೇ ಕಟ್ಟುತ್ತೇನೆ. ಅವಳ ಎಳವೆ, ತಂದೆಯ ಕಥೆ, ಸಿಂಹಾಸನದ ಮೇಲಿನ ಅವಳ ಹಗೆ ಇವನ್ನು ‘ಕಾದಂಬರಿಗಳಲ್ಲಿ’ ಎಂಬ ಬೇರೆ ಶೀರ್ಷಿಕೆಯ ಕೆಳಗೆ, ಅನಿಮೇಷನ್ ಪ್ರಸಂಗಗಳನ್ನು ಇನ್ನೊಂದರ ಕೆಳಗೆ. ಕಾದಂಬರಿಕಾರನ ಶಿವಗಾಮಿಯನ್ನೂ ರಮ್ಯಾ ಕೃಷ್ಣ ನಟಿಸಿದ ಶಿವಗಾಮಿಯನ್ನೂ ಒಂದೇ ಹರಿವಿನಲ್ಲಿ ಬರೆದರೆ ಓದುಗನಿಗೆ ಯಾವುದು ಎಲ್ಲಿಂದ ಬಂತೆಂದು ತಿಳಿಯದೆ ಹೋಗುತ್ತದೆ. ಇಬ್ಬರು ಬರಹಗಾರರ ಶ್ರಮಕ್ಕೂ ಅದು ಅನ್ಯಾಯ.

ಪುಟ ಬರೆಯುವ ಬಗೆ

‘ಸುಲುವಿನ ಮೊದಲ ಹೆಸರು ಹಿಕಾರು’ ಎಂದು ಬರೆದು ಬಿಡುವುದು ಸಾಲದು. ವಾಕ್ಯದ ಕೊನೆಯಲ್ಲಿ ಆವರಣದಲ್ಲಿ ‘ಕಾದಂಬರಿ: ದಿ ಎಂಟ್ರೊಪಿ ಇಫೆಕ್ಟ್, 1981, ಸಿನಿಮಾ: ಸ್ಟಾರ್ ಟ್ರೆಕ್ 6, 1991’ ಎಂದು ಹಾಕಿ. ಕೃತಿಯ ಪ್ರಕಾರ ಮೊದಲು, ಹೆಸರು ಆಮೇಲೆ. ಓದುಗ ಒಂದೇ ನೋಟಕ್ಕೆ ಇದು ತೆರೆಯದೋ ಪುಸ್ತಕದ್ದೋ ಎಂದು ತಿಳಿಯುತ್ತಾನೆ. ಕಥಾಲೋಕದ ಒಳಗಿನ ಸಂಗತಿಗೆ ಭೂತಕಾಲ ಬಳಸಿ, ಕೃತಿಯ ಬಗ್ಗೆ ಹೇಳುವಾಗ ‘ಈ ಕಾದಂಬರಿಯಲ್ಲಿ ಬರುತ್ತದೆ’ ಎಂದು ವರ್ತಮಾನ ಬಳಸಿ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ.

ಆಧಾರಗಳು ಒಂದಕ್ಕೊಂದು ವಿರೋಧವಾದಾಗ ‘ಕೆಲವು ಮೂಲಗಳ ಪ್ರಕಾರ’ ಎಂಬ ಮಾತು ಬೇಡವೇ ಬೇಡ. ಯಾವ ಮೂಲ ಎಂದು ಹೆಸರು ಹೇಳಿ. ‘ಒಂದು ವೃತ್ತಾಂತದಲ್ಲಿ ಗುಂಡು ಭುಜಕ್ಕೆ ತಗಲಿತ್ತು (ಎ ಸ್ಟಡಿ ಇನ್ ಸ್ಕಾರ್ಲೆಟ್), ಇನ್ನೊಂದರಲ್ಲಿ ಕಾಲಿಗೆ (ದಿ ಸೈನ್ ಆಫ್ ಫೋರ್)’ ಎಂದು ಬರೆದರೆ ಓದುಗ ತಾನೇ ಪುಸ್ತಕ ತೆಗೆದು ನೋಡಬಲ್ಲ.

ನಿಮ್ಮ ನಿಯಮವನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಿ. ಜಗಳ ಎದ್ದ ಮೇಲೆ ಬರೆದ ನಿಯಮ ಒಂದು ಕಥೆಯನ್ನು ಉಳಿಸಲೋ ಹೊರಹಾಕಲೋ ಬರೆದದ್ದಾಗಿಬಿಡುತ್ತದೆ. ಯಾವುದೇ ಕಥೆಯ ಹೆಸರಿಲ್ಲದೆ ನಿಯಮ ಮೊದಲು ಬರಲಿ, ಆಮೇಲೆ ಕಥೆಗಳನ್ನು ಒಂದೊಂದಾಗಿ ಅದರ ಮುಂದೆ ತನ್ನಿ. ತೀರ್ಮಾನಕ್ಕೆ ದಿನಾಂಕ ಹಾಕಿ, ಕಾರಣ ಬರೆಯಿರಿ, ಚರ್ಚಾಪುಟ ಅಳಿಸಬೇಡಿ. ಹಕ್ಕುದಾರರು ನಾಳೆ ಮಾತು ಬದಲಿಸಬಹುದು, 2014ರಲ್ಲಿ ಬದಲಿಸಿದಂತೆ. ಆಗ ಪುಟಗಳನ್ನು ಸ್ಥಳಾಂತರಿಸಿ, ಕೊಂಡಿ ಕೊಡಿ. ಯಾರೋ ವರ್ಷಗಟ್ಟಲೆ ಓದಿ ಟಿಪ್ಪಣಿ ಮಾಡಿದ್ದನ್ನು ಒಂದು ಪತ್ರಿಕಾ ಹೇಳಿಕೆಯ ಕಾರಣಕ್ಕೆ ನಾಶ ಮಾಡುವ ಹಕ್ಕು ನಮಗಿಲ್ಲ.

ಹೊರಗಿಟ್ಟ ಕಥೆಗಳಿಗೂ ಒಂದು ಪುಟ ಇರಲಿ: ಯಾರು ಬರೆದದ್ದು, ಯಾವಾಗ ಬಂತು, ಏಕೆ ಹೊರಗಿದೆ. ಅಭಿಮಾನಿಗಳೇ ಬರೆದ ಕಥೆಗಳ ವಿಷಯದಲ್ಲಿ ಮಾತ್ರ ನಿಯಮ ಬಿಗಿಯಾಗಿರಲಿ. ಅವನ್ನು ಒಳಗೆ ಬಿಟ್ಟರೆ ಬಾಗಿಲು ಮುಚ್ಚುವುದಕ್ಕೆ ಆಗುವುದಿಲ್ಲ.

ಕಡೆಗೆ ಕಾನೂನಿನ ಮಾತು. ಸ್ಟೀವ್ ವ್ಯಾಂಡರ್ ಆರ್ಕ್ ಕಟ್ಟಿದ ಅಭಿಮಾನಿ ಜಾಲತಾಣ ‘ಹ್ಯಾರಿ ಪಾಟರ್ ಲೆಕ್ಸಿಕಾನ್’ ಪುಸ್ತಕವಾಗಿ ಬರಲು ಹೊರಟಾಗ ಜೆ.ಕೆ. ರೌಲಿಂಗ್ ಮತ್ತು ವಾರ್ನರ್ ಬ್ರದರ್ಸ್ ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದರು. 2008ರ ಸೆಪ್ಟೆಂಬರ್‌ನಲ್ಲಿ ತೀರ್ಪು ರೌಲಿಂಗ್ ಪರವಾಗಿ ಬಂತು. ಅಭಿಮಾನಿ ಕೋಶ ಬರೆಯುವುದೇ ತಪ್ಪು ಎಂದು ನ್ಯಾಯಾಧೀಶರು ಹೇಳಲಿಲ್ಲ. ರೌಲಿಂಗ್ ಅವರ ಮಾತುಗಳನ್ನೇ ಅಗತ್ಯಕ್ಕಿಂತ ಹೆಚ್ಚಾಗಿ ಎತ್ತಿಕೊಂಡದ್ದು ತಪ್ಪು ಎಂದರು. ಅದರಲ್ಲೂ ಹೆಚ್ಚು ನಕಲಾಗಿದ್ದದ್ದು ‘ಫೆಂಟಾಸ್ಟಿಕ್ ಬೀಸ್ಟ್ಸ್’, ‘ಕ್ವಿಡಿಚ್ ಥ್ರೂ ದಿ ಏಜಸ್’ ಎಂಬ ಎರಡು ಪೂರಕ ಪುಸ್ತಕಗಳಿಂದ. ಅವೇ ಚಿಕ್ಕ ಕೋಶಗಳಂತೆ ಇದ್ದುದರಿಂದ ಅವುಗಳ ವಾಕ್ಯ ಹಾಗೇ ಇಳಿದುಬಿಟ್ಟಿದ್ದವು. ತಿದ್ದಿ ಬರೆದ ಪುಸ್ತಕ 2009ರಲ್ಲಿ ಪ್ರಕಟವಾಯಿತು. ಪೂರಕ ಪುಸ್ತಕದ ಸಂಗತಿ ತೆಗೆದುಕೊಳ್ಳಿ, ವಾಕ್ಯವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ.

ನಿಮ್ಮ ವಿಕಿಗೆ ಇನ್ನೂ ಬರೆದಿಟ್ಟ ನಿಯಮ ಇಲ್ಲವಾದರೆ, ಹೊಸ ಪಾತ್ರದ ಪುಟ ತೆರೆಯುವ ಮುಂಚೆ ಜೊತೆಗಾರರನ್ನು ಕೂಡಿಸಿ ಈ ನಾಲ್ಕು ಪರೀಕ್ಷೆಗಳನ್ನು ನಿಮ್ಮ ಸರಣಿಗೆ ತಕ್ಕಂತೆ ತಿದ್ದಿ ಒಂದು ಪುಟದಲ್ಲಿ ಹಾಕಿ. ಮೊದಲು ಪರೀಕ್ಷಿಸುವ ಕಥೆ ನಿಮಗೆ ತೀರ ಇಷ್ಟವಿಲ್ಲದ ಕಥೆಯಾಗಿರಲಿ.